ಆರ್ಕೇಡ್ ಮಾನಿಟರ್ ನಡುವೆ ಒಂದೇ ಗೆರೆ ಬರ್ತಿದೆ, ಯಾವ ಬೋರ್ಡ್ ತರಿಸಲಿ?

ಯಾವ ಬೋರ್ಡೂ ತರಿಸಬೇಡಿ. ಸದ್ಯಕ್ಕಂತೂ ಬೇಡ.

ಆಟದ ಶಬ್ದ ಸರಿ ಇದೆ, ಪರದೆ ಮೇಲೆ ಮಾತ್ರ ಒಂದು ಅಡ್ಡಗೆರೆ, ಮಾನಿಟರ್ ಓಡಿಸೋ ಒರಿಜಿನಲ್ ಬೋರ್ಡ್ ಹುಡುಕಲಾ ಅಥವಾ ಚೀನಾದ ಯುನಿವರ್ಸಲ್ ಬೋರ್ಡ್ ಹಾಕಲಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳಿದ್ದೆ. ಎಲ್ಲರೂ ಹಾಕಿ ಅಂದರು, ಹಾಕಿದೆ.

ನಮ್ಮದು ಸಾಗರದ ಕಡೆ. ಮಾವನ ಅಂಗಡಿಯಲ್ಲಿ ಕಾಯಿನ್ ಹಾಕಿ ಆಡೋ ಮಷೀನ್ ಇತ್ತು. ಅಂಗಡಿ ಮುಚ್ಚಿದ ಮೇಲೆ ಅದು ಅಡಿಕೆ ಮೂಟೆ ಇಡೋ ಕೋಣೆಯಲ್ಲಿ ಎಷ್ಟೋ ಮಳೆಗಾಲ ಕಳೆಯಿತು. ಪ್ಲೈವುಡ್ ಉಬ್ಬಿ ಹಿಂದಿನ ಬಾಗಿಲೇ ತೆಗೆಯೋಕೆ ಬರುತ್ತಿರಲಿಲ್ಲ, ಒಳಗೆ ಹಲ್ಲಿ ಮೊಟ್ಟೆ, ಬೂಷ್ಟು. ಆನ್ ಮಾಡಿದರೆ ನೀವು ಹೇಳಿದ ಅದೇ ಗೆರೆ. ಆನ್‌ಲೈನಲ್ಲಿ ಯುನಿವರ್ಸಲ್ ಬೋರ್ಡ್ ತರಿಸಿದೆ.

ಈಗ ಗಮನ ಇಟ್ಟು ಕೇಳಿ. ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ತಾಮ್ರದ ಸುರುಳಿ ಸುತ್ತಿರುತ್ತಲ್ಲ, ಅದು ಯೋಕ್. ಅದರಿಂದ ನಾಲ್ಕು ವಯರ್ ಬರುತ್ತವೆ. ಎರಡು ವಯರ್ ಕಿರಣವನ್ನು ಎಡಕ್ಕೆ ಬಲಕ್ಕೆ ಎಳೆಯೋಕೆ, ಅದು ಹಾರಿಜಾಂಟಲ್; ಇನ್ನೆರಡು ಮೇಲೆ ಕೆಳಗೆ ಎಳೆಯೋಕೆ, ಅದು ವರ್ಟಿಕಲ್. ಆ ಹಳೇ ಪ್ಲಗ್ ಹೊಸ ಬೋರ್ಡಿನ ಸಾಕೆಟ್‌ನಲ್ಲಿ ನೀಟಾಗಿ ಕೂತಿತು. ಕೂತಿತಲ್ಲ, ಹಾಗಾದ್ರೆ ಸರಿ ಅಂದುಕೊಂಡೆ. ಅಲ್ಲೇ ಕೆಟ್ಟೆ. ಸಾಕೆಟ್ ಒಂದೇ ಅಳತೆ, ಆದರೆ ಪಿನ್‌ಗಳ ಕ್ರಮ ಬೇರೆ. ಹಾರಿಜಾಂಟಲ್‌ಗೆ ಹೋಗಬೇಕಾದ್ದು ವರ್ಟಿಕಲ್ ಸುರುಳಿಗೆ ಹೋಯಿತು, ಅದು ಇದಕ್ಕೆ ಬಂತು. ಮಲ್ಟಿಮೀಟರ್ ಇಟ್ಟಿದ್ದರೆ ಒಂದು ನಿಮಿಷದ ಕೆಲಸ: ಹಾರಿಜಾಂಟಲ್ ಜೋಡಿ ಸಾಮಾನ್ಯವಾಗಿ 1ರಿಂದ 3 ಓಮ್ ತೋರಿಸುತ್ತದೆ, ವರ್ಟಿಕಲ್ ಜೋಡಿ ಅದಕ್ಕಿಂತ ಜಾಸ್ತಿ. ಮೀಟರ್ ಮೇಜಿನ ಮೇಲೇ ಇತ್ತು. ವಯರ್ ಬಣ್ಣ ನೋಡಿ ಹೇಳಬಹುದು ಅಂತಾರೆ, ಬಣ್ಣ ನಂಬಬೇಡಿ, ಹಿಂದೆ ಯಾರು ಯಾವ ವಯರ್ ಬದಲಿಸಿದ್ದಾರೋ ಯಾರಿಗೆ ಗೊತ್ತು. ಪ್ಲಗ್ ಕೂತಿತು ಅಂದರೆ ಪ್ಲಗ್ ಕೂತಿತು ಅಂತ ಅಷ್ಟೇ, ಬೇರೇನೂ ಅಲ್ಲ.

ಆನ್ ಮಾಡಿದೆ. ಪರದೆ ಮಧ್ಯದಲ್ಲಿ ಅಕ್ಕಿಕಾಳಿನಷ್ಟು ಉರಿಯೋ ಬೆಳಕು, ಆಮೇಲೆ ಟಪ್. ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್. ಟ್ರಾನ್ಸಿಸ್ಟರ್ ಹೋದರೆ ಇನ್ನೊಂದು ಸಿಗುತ್ತದೆ ಬಿಡಿ. ಆದರೆ ಕಿರಣ ಒಂದೇ ಕಡೆ ನಿಂತು ಪರದೆ ಒಳಬದಿಯ ಹೊಳೆಯೋ ಲೇಪ, ಅಂದರೆ ಫಾಸ್ಫರ್, ಸುಟ್ಟುಹೋಯಿತು. ಆ ಕಲೆ ಹೋಗಲ್ಲ, ಅಂಗಡಿಗೆ ಹೋಗಿ ಹೊಸ ಪಿಕ್ಚರ್ ಟ್ಯೂಬ್ ತರೋ ಕಾಲವೂ ಇದಲ್ಲ.

ಹಳೇ ಬೋರ್ಡನ್ನು ಪುಣ್ಯಕ್ಕೆ ಎಸೆದಿರಲಿಲ್ಲ. ಶಿವಮೊಗ್ಗದಲ್ಲಿ ಹಳೇ ಟಿವಿ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದೆ. ಅವರು ಬೋರ್ಡ್ ತಿರುಗಿಸಿ ಟ್ಯೂಬ್‌ಲೈಟ್ ಬೆಳಕಿಗೆ ಓರೆ ಹಿಡಿದರು. ವರ್ಟಿಕಲ್ ಐಸಿಯ ಒಂದು ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ. ಡ್ರೈ ಸೋಲ್ಡರ್, ಅಂದರೆ ಬಿರುಕು ಬಿಟ್ಟ ಬೆಸುಗೆ. ಹಳೇ ಸೋಲ್ಡರ್ ತೆಗೆದು ಹೊಸದು ಹಾಕಿ, ಪಕ್ಕದ ಕೆಪಾಸಿಟರ್‌ಗಳನ್ನೂ ಬದಲಿಸಿದರು. ಚಿತ್ರ ಪೂರ್ತಿ ಬಂತು, ನಡುವೆ ನನ್ನ ಕಲೆ ಸಮೇತ.

ಒಂದು ಗೆರೆಯಾದರೂ ಬರ್ತಿದೆ ಅಂದರೆ ನಿಮ್ಮ ಬೋರ್ಡ್ ಮುಕ್ಕಾಲು ಪಾಲು ಜೀವಂತ ಇದೆ. ಹೈ ವೋಲ್ಟೇಜ್ ಇದೆ, ಹಾರಿಜಾಂಟಲ್ ಓಡುತ್ತಿದೆ. ಸತ್ತಿರೋದು ವರ್ಟಿಕಲ್ ಭಾಗ ಮಾತ್ರ. ಮೊದಲು ಫ್ಲೈಬ್ಯಾಕ್ (ಹೈ ವೋಲ್ಟೇಜ್ ಹುಟ್ಟಿಸೋ ಟ್ರಾನ್ಸ್‌ಫಾರ್ಮರ್) ಮೇಲಿನ ಸ್ಕ್ರೀನ್ ತಿರುಪು ಇಳಿಸಿ ಗೆರೆಯನ್ನು ಮಂಕು ಮಾಡಿ, ಇಲ್ಲದಿದ್ದರೆ ಅದೂ ಪರದೆ ಸುಡುತ್ತದೆ. ಆಮೇಲೆ ಐಸಿ ಕಾಲುಗಳು, ಯೋಕ್ ಸಾಕೆಟ್ಟಿನ ಸೋಲ್ಡರ್, ಐಸಿಗೆ ಸಪ್ಲೈ ಕೊಡೋ ಸಣ್ಣ ರೆಸಿಸ್ಟರ್, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ನೋಡಿ. ಎಲ್‌ಎ 7840 ಥರದ ಐಸಿ ಆಗಿದ್ದರೆ ಟಿವಿಯಲ್ಲೂ ಅದೇ ಬರುತ್ತಿತ್ತು, ಸ್ಪೇರ್ ಅಂಗಡಿಯಲ್ಲಿ ಕೇಳಿ ನೋಡಿ.

ಕೈ ಹಾಕೋ ಮುಂಚೆ ಪ್ಲಗ್ ಕಿತ್ತು ಟ್ಯೂಬ್ ಡಿಸ್ಚಾರ್ಜ್ ಮಾಡಿಸಿ. ಫ್ಲೈಬ್ಯಾಕಿನ ದಪ್ಪ ವಯರ್ ಟ್ಯೂಬಿಗೆ ಸೇರೋ ಕಡೆ ಇರೋ ರಬ್ಬರ್ ಟೋಪಿ ಅಡಿ ಮಷೀನ್ ಓಡುವಾಗ 20 ಸಾವಿರ ವೋಲ್ಟ್ ಆಸುಪಾಸು ಇರುತ್ತದೆ, ಆಫ್ ಮಾಡಿದ ಮೇಲೂ ಉಳಿದಿರಬಹುದು. ಚಾರ್ಜನ್ನು ಟ್ಯೂಬಿನ ಹಿಂದಿರೋ ಹೆಣೆದ ಅರ್ತ್ ತಂತಿಗೇ ಇಳಿಸಬೇಕು, ಬೋರ್ಡಿನ ಮೇಲೆ ಎಲ್ಲೋ ಅಲ್ಲ. ಟಿವಿ ಬಿಚ್ಚಿ ಅಭ್ಯಾಸ ಇಲ್ಲದಿದ್ದರೆ ಸುಮ್ನೆ ಹಳೇ ಮೆಕ್ಯಾನಿಕ್ ಹತ್ತಿರ ಹೋಗಿ. ಟ್ಯೂನರ್ ಇಲ್ಲದ ಟಿವಿ ಅಂತ ಹೇಳಿ, ಅರ್ಥ ಆಗುತ್ತದೆ. ಎಲ್‌ಸಿಡಿ ಹಾಕಿಬಿಡಿ ಅನ್ನೋರೂ ಬರ್ತಾರೆ. ಹಳೇ ಆಟಗಳ ಸಿಗ್ನಲ್ 15 ಕಿಲೋಹರ್ಟ್ಸ್, ಕಂಪ್ಯೂಟರ್ ಮಾನಿಟರ್‌ಗೆ ಸಾಮಾನ್ಯವಾಗಿ 31 ಬೇಕು, ನಡುವೆ ಕನ್ವರ್ಟರ್ ಇಲ್ಲದೆ ಏನೂ ಕಾಣಲ್ಲ. ಕಂಡರೂ ಆ ಮಜಾ ಇಲ್ಲ.

ಬೋರ್ಡ್ ಕರಕಲಾಗಿದ್ದರೆ, ಫ್ಲೈಬ್ಯಾಕ್ ಸೀಳಿ ಅದಕ್ಕೆ ಬದಲಿ ಸಿಗದೇ ಹೋದರೆ ಮಾತ್ರ ಹೊಸ ಬೋರ್ಡ್. ಆಗಲೂ ಯೋಕಿನ ಓಮ್, ಟ್ಯೂಬಿನ ಕುತ್ತಿಗೆ ತುದಿಯ ನೆಕ್ ಸಾಕೆಟ್, ಟ್ಯೂಬಿನ ಇಂಚು, ಬೋರ್ಡಿಗೆ ಬೇಕಾದ ವೋಲ್ಟೇಜ್ ಬರೆದುಕೊಂಡು ಮಾರೋನಿಗೆ ಕಳಿಸಿ. ಮಾನಿಟರನ್ನು ಮೇನ್ಸ್ ಕರೆಂಟಿನಿಂದ ಬೇರೆ ಇಡೋ, ಪೆಟ್ಟಿಗೆಯೊಳಗಿನ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಕಿತ್ತುಹಾಕಬೇಡಿ.

ಈಗಿರೋ ಬೋರ್ಡಿನ ಸೋಲ್ಡರ್ ಬದಿಯ ಫೋಟೋ ಹಾಕಿ. ಓರೆ ಬೆಳಕಲ್ಲಿ ತೆಗೀರಿ, ಫ್ಲ್ಯಾಶ್ ಬೇಡ.