ತಮ್ಮನ ಗೀಳು, ನನ್ನ ದೆವ್ವದ ಕಥೆ

ಪ್ರಶ್ನೆ: ನಾನು ದೆವ್ವದ ಕಥೆಗಳನ್ನು ಬರೆಯುತ್ತೇನೆ. ನನ್ನ ತಮ್ಮನಿಗೆ ಓಸಿಡಿ, ಅಂದರೆ ಗೀಳು ಕಾಯಿಲೆ ಇದೆ. ಮಲಗುವ ಮುಂಚೆ ಬಾಗಿಲ ಚಿಲಕವನ್ನು ಏಳು ಸಲ ಮುಟ್ಟದಿದ್ದರೆ ಅಮ್ಮ ಸತ್ತುಹೋಗುತ್ತಾಳೆ ಎಂಬ ಭಯ ಅವನಿಗೆ. ಈಗ ಚಿಕಿತ್ಸೆ ನಡೆಯುತ್ತಿದೆ. ನನ್ನ ಹೊಸ ಕಥೆಯ ಹುಡುಗನೂ ಹೀಗೇ ಚಿಲಕ ಮುಟ್ಟುತ್ತಾನೆ. ಒಂದು ರಾತ್ರಿ ಮುಟ್ಟದೆ ಮಲಗುತ್ತಾನೆ. ಅವತ್ತೇ ಏನೋ ಒಳಗೆ ಬಂದು ಅವನ ತಾಯಿಯನ್ನು ಕೊಲ್ಲುತ್ತದೆ. ಪತ್ರಿಕೆಯೊಂದು ಕಥೆಯನ್ನು ಒಪ್ಪಿಕೊಂಡಿದೆ. ತಮ್ಮನಿಗೆ ಇನ್ನೂ ಹೇಳಿಲ್ಲ. ಹೆಸರು ಬದಲಿಸಿದ್ದೀಯಲ್ಲ, ಸಾಕು ಅನ್ನುತ್ತಾರೆ ಗೆಳತಿಯರು. ಅಮ್ಮ ಬೇಡವೇ ಬೇಡ ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ಈಗಿರುವ ರೂಪದಲ್ಲಿ ಈ ಕಥೆಯನ್ನು ಪ್ರಕಟಿಸಬೇಡಿ. ಹೆಸರು ಬದಲಿಸಿದರೆ ಸಾಕಾಗುವುದಿಲ್ಲ, ಯಾಕೆಂದರೆ ತೊಂದರೆ ಇರುವುದು ಕಥೆಯ ಕೊನೆಯಲ್ಲಿ.

ನಿಮ್ಮ ತಮ್ಮನಿಗೆ ಅವನ ಕಾಯಿಲೆ ದಿನವೂ ಏನು ಹೇಳುತ್ತದೆ? ಚಿಲಕ ಮುಟ್ಟದಿದ್ದರೆ ಅಮ್ಮ ಸಾಯುತ್ತಾಳೆ ಎಂದು. ನಿಮ್ಮ ಕಥೆ ಕೊನೆಗೆ ಹೌದು, ನಿಜ ಅನ್ನುತ್ತದೆ. ಹುಡುಗ ಮುಟ್ಟಲಿಲ್ಲ, ತಾಯಿ ಸತ್ತಳು. ಬೇರೆ ಓದುಗರಿಗೆ ಅದು ಒಂದು ಕ್ಷಣದ ನಡುಕ. ಅವನಿಗೆ ಅದು ಸ್ವಂತ ಅಕ್ಕನ ಸಾಕ್ಷಿ.

ಗೀಳು ಕಾಯಿಲೆಗೆ ಚೆನ್ನಾಗಿ ಕೆಲಸ ಮಾಡುವ ಒಂದು ಚಿಕಿತ್ಸೆ ಇದೆ. ಭಯ ಹುಟ್ಟಿಸುವ ಸನ್ನಿವೇಶವನ್ನು ಬೇಕೆಂದೇ ಎದುರಿಸಬೇಕು, ಆದರೆ ಭಯ ಇಳಿಸಲು ಮಾಡುತ್ತಿದ್ದ ಕೆಲಸವನ್ನು ಮಾಡಬಾರದು. 1966ರಲ್ಲಿ ವಿಕ್ಟರ್ ಮೇಯರ್ ಎಂಬ ಮನಃಶಾಸ್ತ್ರಜ್ಞರು ಇಬ್ಬರು ರೋಗಿಗಳಿಗೆ ಈ ದಾರಿಯಲ್ಲಿ ಗುಣವಾದದ್ದನ್ನು ಬರೆದರು. ಇವತ್ತಿಗೂ ಈ ಕಾಯಿಲೆಗೆ ಮೊದಲು ಹೇಳುವ ಚಿಕಿತ್ಸೆಗಳಲ್ಲಿ ಇದೂ ಒಂದು. ನಿಮ್ಮ ತಮ್ಮನ ಚಿಕಿತ್ಸೆ ಇದೇ ಆಗಿದ್ದರೆ, ಚಿಲಕ ಮುಟ್ಟದೆ ಮಲಗುವುದೇ ಅವನು ಈಗ ಕಲಿಯುತ್ತಿರುವ ಅತಿ ಕಷ್ಟದ ಪಾಠ. ನಿಮ್ಮ ಕಥೆಯಲ್ಲಿ ಶಿಕ್ಷೆಯಾಗುವುದು ಆ ಧೈರ್ಯಕ್ಕೇ ಅಲ್ವಾ?

ಇನ್ನೊಂದು ಮಾತನ್ನೂ ಹೇಳಬೇಕು. ಕೆಲವು ಚಿಕಿತ್ಸಕರು ರೋಗಿಯ ಕೈಯಲ್ಲೇ ಇಂಥ ಭಯದ ಕಥೆ ಬರೆಸಿ, ಮತ್ತೆ ಮತ್ತೆ ಓದಿಸುತ್ತಾರೆ. ಹಾಗಾಗಿ ಭಯದ ಕಥೆಯೇ ಅವನಿಗೆ ವಿಷ ಎಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಅವನು ಒಪ್ಪಿರುತ್ತಾನೆ, ಪಕ್ಕದಲ್ಲಿ ತಿಳಿದವರು ಇರುತ್ತಾರೆ. ಅಚ್ಚಾದ ಪುಟದಲ್ಲಿ ತನ್ನ ಚಿಲಕವನ್ನು ತಾನೇ ಇದ್ದಕ್ಕಿದ್ದಂತೆ ಕಾಣುವುದು ಬೇರೆ.

ನಿಮ್ಮ ಗೆಳತಿಯರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಈ ಬಗೆಯ ಕಥೆಗಳು ಮೊದಲಿಂದಲೂ ಮನಸ್ಸಿನ ಕಾಯಿಲೆಯ ಹತ್ತಿರವೇ ಓಡಾಡಿವೆ. ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ 'ದಿ ಯೆಲ್ಲೋ ವಾಲ್‌ಪೇಪರ್' ನೋಡಿ. ಕೋಣೆಯ ಗೋಡೆಕಾಗದದ ಹಿಂದೆ ಒಬ್ಬ ಹೆಂಗಸು ಸಿಕ್ಕಿಬಿದ್ದಿದ್ದಾಳೆ ಎಂದು ನಂಬುತ್ತಾ ಹೋಗುವವಳ ಕಥೆ ಅದು. ವಿಶ್ರಾಂತಿಯ ಹೆಸರಲ್ಲಿ ಬರವಣಿಗೆಯನ್ನೇ ಬಿಡು ಎಂದ ವೈದ್ಯರ ಚಿಕಿತ್ಸೆಯಿಂದ ತಾನು ಹುಚ್ಚಿನ ಅಂಚಿಗೆ ಹೋಗಿದ್ದೆ ಎಂದು ಆಕೆ ಆಮೇಲೆ ಬರೆದಳು. ಆಕೆ ಬರೆದದ್ದು ತನ್ನ ನೋವನ್ನು. ನಿಮ್ಮ ಕಥೆಯಲ್ಲಿರುವುದು ತಮ್ಮನ ನೋವು. ಅದಕ್ಕೇ ನೀವು ಅವನನ್ನು ಕೇಳಬೇಕು.

ಬರೆಯುವವರಾಗಿ ನೀವು ಶೆರಿಡನ್ ಲೆ ಫಾನು ಅವರ 'ಗ್ರೀನ್ ಟೀ' ಓದಿ, 1869ರ ಕಥೆ. ಒಬ್ಬ ಪಾದ್ರಿಗೆ ಮಾತ್ರ ಒಂದು ಕಪ್ಪು ಕೋತಿ ಕಾಣುತ್ತದೆ. ಪ್ರಾರ್ಥನೆಗೆ ಕೂತರೆ ದೇವರನ್ನು ಬೈದು ಅಡ್ಡಿ ಮಾಡುತ್ತದೆ, ಕೆಟ್ಟ ಕೆಲಸ ಮಾಡು ಎಂದು ಪೀಡಿಸುತ್ತದೆ. ಗೀಳಿನ ಯೋಚನೆಗಳಿಂದ ನರಳುವವರು ಹೇಳಿಕೊಳ್ಳುವುದಕ್ಕೆ ಇದು ಎಷ್ಟು ಹತ್ತಿರ! ಕೋತಿ ನಿಜವೋ ಅಲ್ಲವೋ ಎಂಬ ಪ್ರಶ್ನೆಗಿಂತ ಆ ಮನುಷ್ಯನ ಒಂಟಿತನ ಜಾಸ್ತಿ ಹೆದರಿಸುತ್ತದೆ. ಕಥೆಯ ಕೊನೆ ದುರಂತದ್ದು, ಅದನ್ನು ತಿಳಿದೇ ಓದಿ.

ನಿಮ್ಮ ಕಥೆಗೂ ಆ ದಾರಿ ಇದೆ. ಹುಡುಗ ಚಿಲಕ ಮುಟ್ಟದೆ ಮಲಗಲಿ. ಏನೂ ಬಾರದಿರಲಿ. ಬೆಳಗಿನವರೆಗೆ ಅವನ ತಲೆಯಲ್ಲಿ ಏನೇನು ನಡೆಯಿತು, ಅದನ್ನು ಬರೆಯಿರಿ. ಅದಕ್ಕಿಂತ ದೊಡ್ಡ ದೆವ್ವ ಬೇಕೇ?

ತಮ್ಮನ ಜೊತೆ ಹಗಲು ಹೊತ್ತಲ್ಲಿ ಮಾತಾಡಿ, ಮಲಗುವ ಸಮಯದಲ್ಲಿ ಬೇಡ. ಹಸ್ತಪ್ರತಿ ಕೈಗಿಡಬೇಡಿ, ಕಥೆ ಏನೆಂದು ಬಾಯಲ್ಲಿ ಹೇಳಿ. ತಕ್ಷಣ ಉತ್ತರ ಕೇಳಬೇಡಿ, ಬೇಕಾದರೆ ಚಿಕಿತ್ಸಕರ ಹತ್ತಿರ ಮಾತಾಡಿಕೊಂಡು ಬರಲಿ. ಅವನಿಗೆ ಭಯವಾಗಿ "ಅಮ್ಮನಿಗೆ ಏನೂ ಆಗಲ್ಲ ಅಲ್ವಾ?" ಎಂದು ಪದೇ ಪದೇ ಕೇಳಿದರೆ, ಪ್ರತಿ ಸಲವೂ "ಏನೂ ಆಗಲ್ಲ" ಎಂದು ಧೈರ್ಯ ಹೇಳಲು ಹೋಗಬೇಡಿ. ಆ ಕ್ಷಣಕ್ಕೆ ಸಮಾಧಾನವಾದರೂ ಗೀಳು ಇನ್ನಷ್ಟು ಬೇರು ಬಿಡುತ್ತದೆ. ಭಯ ಆಗ್ತಿದೆ ಅಂತ ಗೊತ್ತು, ಜೊತೆಗೆ ಕೂತಿರ್ತೀನಿ ಅನ್ನಿ. ಅವನು ಬೇಡ ಅಂದರೆ ಚಿಲಕವನ್ನೂ ಏಳರ ಲೆಕ್ಕವನ್ನೂ ಕಥೆಯಿಂದ ತೆಗೆಯಿರಿ. ಅಕ್ಕ ಬೇಜಾರಾಗುತ್ತಾಳೆ ಎಂದು ಅವನು ಸುಮ್ನೆ ಒಪ್ಪಿಕೊಂಡಂತೆ ಕಂಡರೂ ತೆಗೆಯಿರಿ.

ಇವತ್ತೇ ಸಂಪಾದಕರಿಗೆ ಎರಡು ಸಾಲು ಬರೆಯಿರಿ: ಕಥೆಯ ಕೊನೆಯನ್ನು ತಿದ್ದುತ್ತಿದ್ದೇನೆ, ದಯವಿಟ್ಟು ಈ ಸಂಚಿಕೆಗೆ ತೆಗೆದುಕೊಳ್ಳಬೇಡಿ. ಕಾರಣ ಹೇಳುವಾಗ ತಮ್ಮನ ವಿಷಯ ಎತ್ತಬೇಡಿ.