ಮಾಲ್ಡೀವ್ಸ್ ಡೈವಿಂಗ್ ಟ್ರಿಪ್‌ನಲ್ಲಿ ಮಾಂಟಾ, ವೇಲ್ ಶಾರ್ಕ್ ಖಂಡಿತ ಸಿಗುತ್ತವಾ?

ಡಿಸೆಂಬರ್‌ನಲ್ಲಿ ಮಂಗಳೂರಿನಿಂದ ಹೊರಟು, ಮಾಲ್ಡೀವ್ಸ್‌ನಲ್ಲಿ ಒಂದು ವಾರ ಲೈವ್‌ಅಬೋರ್ಡ್ ದೋಣಿಯಲ್ಲೇ ಉಳಿದು ಡೈವ್ ಮಾಡಿದರೆ ಮಾಂಟಾ (ತೊರಕೆ ಜಾತಿಯ ದೈತ್ಯ ಮೀನು), ವೇಲ್ ಶಾರ್ಕ್ (ತಿಮಿಂಗಿಲ ಶಾರ್ಕ್) ಖಂಡಿತ ಸಿಗುತ್ತವಾ, ಶಾರ್ಕ್ ಹತ್ತಿರ ಬಂದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ಸಿಗುವ ಸಾಧ್ಯತೆ ಚೆನ್ನಾಗಿದೆ. ಆದರೆ 'ಖಂಡಿತ' ಅನ್ನುವ ಏಜೆಂಟನ್ನು ನಂಬಬೇಡಿ.

ನಾನು ಮಲ್ಪೆಯವನು. ನೀರಿನ ಬಣ್ಣ ನೋಡಿ ಬೂತಾಯಿ ಮೀನು ಎಲ್ಲಿದೆ ಅಂತ ಹೇಳುವ, ದೋಣಿ ನಡೆಸುವ ತಂಡೇಲರನ್ನು ನೋಡುತ್ತಾ ಬೆಳೆದವನು. ಮಾಲ್ಡೀವ್ಸ್‌ನ ಡೈವ್ ಗೈಡ್‌ಗಳ ಲೆಕ್ಕವೂ ಹಾಗೇ. ಮಾಂಟಾ ತಿನ್ನುವುದು ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಪುಟ್ಟ ಜೀವಿಗಳು. ನಮ್ಮಲ್ಲಿ ಮುಂಗಾರು ಇರುವಾಗ ಅಲ್ಲಿ ನೀರು ಪಡುವಣದಿಂದ ಮೂಡಣಕ್ಕೆ ಹರಿಯುತ್ತದೆ. ಪ್ಲಾಂಕ್ಟನ್ ದ್ವೀಪಸಾಲುಗಳ ಪೂರ್ವ ಬದಿಗೆ ಸೇರುತ್ತದೆ, ಮಾಂಟಾ ಕೂಡ ಅಲ್ಲೇ. ಡಿಸೆಂಬರ್ ಹೊತ್ತಿಗೆ ಎಲ್ಲ ತಿರುವುಮುರುವು. ಮಾಂಟಾ ಪಶ್ಚಿಮ ಬದಿಯಲ್ಲಿ, ಪೂರ್ವದ ಕಾಲುವೆಗಳಲ್ಲಿ (ದ್ವೀಪಸಾಲಿನ ನಡುವೆ ಸಮುದ್ರದ ನೀರು ಹರಿಯುವ ಕಿಂಡಿಗಳು) ತಿಳಿನೀರು, ಅಲ್ಲಿ ಗ್ರೇ ರೀಫ್ ಶಾರ್ಕ್‌ಗಳು. ಹಾಗಾಗಿ ಬುಕ್ ಮಾಡುವಾಗ ದೋಣಿಯ ಎಸಿ ರೂಮಿನ ಫೋಟೋ ಬಿಟ್ಟು ಮೊದಲು ರೂಟ್ ಕೇಳಿ. ಬಾ ಅನ್ನುವ ಅಟಾಲ್ (ಉಂಗುರದಂಥ ದ್ವೀಪಸಾಲು)‌ನ ಹನಿಫಾರು ಕೊಲ್ಲಿಯಲ್ಲಿ ಮಾಂಟಾಗಳ ಹಿಂಡು ಸೇರುವುದು ಮುಂಗಾರಿನಲ್ಲಿ. ಅಲ್ಲಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾಗೆ ಅನುಮತಿಯಿಲ್ಲ, ನಳಿಕೆಯಲ್ಲಿ ಉಸಿರಾಡುತ್ತಾ ಮೇಲೆಯೇ ಈಜುವ ಸ್ನಾರ್ಕೆಲ್ ಮಾತ್ರ. ಡಿಸೆಂಬರ್‌ನಲ್ಲಿ ಅದರ ಆಸೆ ಬಿಡಿ.

ವೇಲ್ ಶಾರ್ಕ್‌ಗೆ ದಕ್ಷಿಣ ಆರಿ ಅಟಾಲ್. ಅಲ್ಲಿ ವರ್ಷವಿಡೀ ಇರುತ್ತವೆ, ಹೆಚ್ಚಿನವು ಇನ್ನೂ ಪ್ರಾಯಕ್ಕೆ ಬಾರದ ಗಂಡುಗಳು. ದೋಣಿ ದಂಡೆಯುದ್ದಕ್ಕೂ ನಿಧಾನ ಸಾಗುತ್ತದೆ, ಮೇಲಿನಿಂದ ನೆರಳು ಕಂಡರೆ ಎಲ್ಲರೂ ದಬದಬ ನೀರಿಗೆ. ನಿಜ ಹೇಳಬೇಕೆಂದರೆ ಈ ನೂಕುನುಗ್ಗಲು ನನಗೆ ಇಷ್ಟವಾಗಲಿಲ್ಲ. ಬೇರೆ ದೋಣಿಗಳವರೂ ಹಾರುತ್ತಾರೆ. ಮುಟ್ಟಬಾರದು, ಮೂರ್ನಾಲ್ಕು ಮೀಟರ್ ದೂರ ಇರಬೇಕು, ಫ್ಲ್ಯಾಶ್ ಬೇಡ. ಅದರ ದಾರಿಗೆ ಅಡ್ಡ ಹೋದರೆ ಸುಮ್ನೆ ಆಳಕ್ಕೆ ಇಳಿದುಬಿಡುತ್ತದೆ.

ನನಗೆ ಖುಷಿ ಕೊಟ್ಟಿದ್ದು ರಾತ್ರಿ. ಲಂಗರು ಹಾಕಿದ ಮೇಲೆ ದೋಣಿಯ ಹಿಂಭಾಗದಲ್ಲಿ ನೀರಿಗೆ ದೊಡ್ಡ ಲೈಟ್ ಬಿಡುತ್ತಾರೆ. ಬೆಳಕಿಗೆ ಪ್ಲಾಂಕ್ಟನ್ ಮುತ್ತುತ್ತದೆ, ಅದನ್ನು ಹುಡುಕಿಕೊಂಡು ಮಾಂಟಾ. ಊಟದ ತಟ್ಟೆ ಕೈಯಲ್ಲಿ ಹಿಡಿದೇ ನೋಡಿದೆವು. ಬಾಯಿ ತೆರೆದು, ಹೊಟ್ಟೆ ಮೇಲೆ ಮಾಡಿ, ಒಂದೇ ಜಾಗದಲ್ಲಿ ಲಾಗ ಹಾಕುತ್ತಲೇ ಇತ್ತು. ಹೊಟ್ಟೆಯ ಕಪ್ಪು ಚುಕ್ಕೆಗಳು ಒಂದೊಂದಕ್ಕೂ ಬೇರೆ. ಅದನ್ನೇ ನೋಡಿ ಗುರುತು ಹಿಡಿಯುತ್ತಾರೆ. ನಮ್ಮ ಮಾರ್ಕೆಟ್‌ನಲ್ಲಿ ತೊರಕೆಯನ್ನು ಬುಟ್ಟಿಯಲ್ಲಿ ಮಾತ್ರ ನೋಡಿದವರಿಗೆ ಇದು ಬೇರೆಯೇ ಲೋಕ. ಕೆಲವು ರಾತ್ರಿ ಏನೂ ಬರುವುದಿಲ್ಲ, ಅದೂ ಇದೆ.

ಶಾರ್ಕ್ ಭಯಕ್ಕೆ ಬರೋಣ. ರೀಫ್ ಶಾರ್ಕ್‌ಗಳು ನಮ್ಮ ಗುಳ್ಳೆಗಳ ಸದ್ದಿಗೇ ದೂರ ಸರಿಯುತ್ತವೆ. ಕಾಲುವೆಯ ಅಂಚಿನಲ್ಲಿ ಬಂಡೆಗೆ ಹುಕ್ ಸಿಕ್ಕಿಸಿಕೊಂಡು ಅಲುಗಾಡದೆ ಕೂತರೆ ಮಾತ್ರ ಹತ್ತಿರ ಬರುತ್ತವೆ. ಅಟ್ಟಿಸಿಕೊಂಡು ಹೋದವರಿಗೆ ಬಾಲ ಮಾತ್ರ ಕಾಣುತ್ತದೆ. ನೀವು ಹೆದರಬೇಕಾದ್ದು ಅಲ್ಲಿಯ ಸೆಳೆತಕ್ಕೆ. ಅದು ಕೆಲವೊಮ್ಮೆ ಮಾಸ್ಕ್ ಅಲುಗಾಡುವಷ್ಟು ಜೋರು. 2010ರಲ್ಲಿ ಅಲ್ಲಿ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿದರು, ಅದಕ್ಕೇ ಇಷ್ಟು ಕಾಣಸಿಗುತ್ತವೆ ಅನ್ನಬಹುದು.

ಮಾಲೆಯಿಂದ ವಾಪಸ್ ಬರುವ ವಿಮಾನಕ್ಕೂ ಕೊನೆಯ ಡೈವ್‌ಗೂ ನಡುವೆ ಕನಿಷ್ಠ 18 ಗಂಟೆ, ಆದರೆ ಒಂದು ದಿನವೇ ಇರಲಿ. ಡೈವಿಂಗ್‌ನ ಮೊದಲ ಕೋರ್ಸ್ ಓಪನ್ ವಾಟರ್ ಮಾತ್ರ ಆಗಿದ್ದರೆ ಅದರ ಮುಂದಿನ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿ, ಕಾಲುವೆ ಡೈವ್‌ಗೆ ಬಹಳಷ್ಟು ದೋಣಿಯವರು ಅದನ್ನೇ ಕೇಳುತ್ತಾರೆ. ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪ ಇದೆಯಲ್ವಾ, ಮಳೆಗಾಲ ಕಳೆದು ಸೀಸನ್ ಶುರುವಾದ ಕೂಡಲೇ ಅಲ್ಲಿ ನಾಲ್ಕಾರು ಡೈವ್ ಮಾಡಿ, ನೀರಲ್ಲಿ ಒಂದೇ ಮಟ್ಟದಲ್ಲಿ ತೇಲಿಕೊಂಡು ನಿಲ್ಲುವುದನ್ನು ರೂಢಿ ಮಾಡಿಕೊಂಡು ಹೊರಡಿ.