ಕಾಲೇಜಿಗೆ ಬಂದ ಮೇಲೂ ಮಕ್ಕಳ ಪುಸ್ತಕ ಓದುತ್ತೇನೆ. ಇದರಿಂದ ದಿನನಿತ್ಯದ ಬದುಕಿಗೆ ಏನಾದರೂ ಉಪಯೋಗ ಇದೆಯೇ?

ಗೆಳೆಯರು ನಗುತ್ತಾರೆ ಎಂದು ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಕೊನೆಯ ಸಾಲು: "ಇದರಲ್ಲೂ ಉಪಯೋಗ ಇದೆ ಅಂತ ಅವರಿಗೆ ಹೇಗೆ ತೋರಿಸಲಿ?" ಬಿ.ಎ. ಓದುವಾಗ ನಾನು ಇದನ್ನೇ ಕೇಳಿಕೊಳ್ಳುತ್ತಿದ್ದೆ. ಉತ್ತರ ಸಿಕ್ಕಿತು ಕೂಡ. ಆ ಉತ್ತರವೇ ನನ್ನನ್ನು ಕೆಡಿಸಿತು. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಬೇಸರಿಸಬೇಡಿ.

ನಾನು ಐಚ್ಛಿಕ ಕನ್ನಡ ತಗೊಂಡಿದ್ದೆ. ತರಗತಿಯಲ್ಲಿ ಪಂಪ, ವಚನ, ನವ್ಯ. ಹಾಸ್ಟೆಲ್ ರೂಮಿನಲ್ಲಿ ದಿಂಬಿನ ಕೆಳಗೆ ಶಿಶುಗೀತೆಗಳ ಪುಸ್ತಕ. ಯಾರಾದರೂ ನೋಡಿದರೆ "ಸೆಮಿನಾರಿಗೆ ಬೇಕಿತ್ತು" ಅನ್ನುತ್ತಿದ್ದೆ. ಹಾಗೆ ಹೇಳಿ ಹೇಳಿ ಕೊನೆಯ ವರ್ಷ ಅದನ್ನೇ ನಿಜ ಮಾಡಿಬಿಟ್ಟೆ. ಕನ್ನಡ ಶಿಶುಸಾಹಿತ್ಯದಲ್ಲಿ ಮೌಲ್ಯಗಳು ಎಂಬ ವಿಷಯವನ್ನು ಪ್ರಾಜೆಕ್ಟಿಗೆ ಆರಿಸಿಕೊಂಡೆ. ಈಗ ಯಾರೂ ನಗುವಂತಿರಲಿಲ್ಲ, ಯಾಕೆಂದರೆ ಇದು ಅಧ್ಯಯನ. ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಪದ್ಯದ ಹೆಸರು, ಬಲಕ್ಕೆ ಅದು ಕಲಿಸುವ ಮೌಲ್ಯ ಬರೆಯುತ್ತಾ ಹೋದೆ. ರಾಜರತ್ನಂ ಅವರ ತುತ್ತೂರಿ ಪದ್ಯದ ಎದುರು "ಜಂಬ ಸಲ್ಲದು". ಗೋವಿನ ಹಾಡಿನ ಎದುರು "ಸತ್ಯವೇ ದೊಡ್ಡದು". ಕುವೆಂಪು ಅವರ ಕಿಂದರಿಜೋಗಿಯ ಎದುರು "ಕೊಟ್ಟ ಮಾತಿಗೆ ತಪ್ಪಬಾರದು". ಪಂಜೆ ಮಂಗೇಶರಾಯರ ನಾಗರಹಾವಿನ ಪದ್ಯದ ಎದುರು ಏನು ಬರೆಯಬೇಕೆಂದು ತುಂಬ ಹೊತ್ತು ತೋಚಲಿಲ್ಲ. ಕೊನೆಗೆ "ಪ್ರಾಣಿದಯೆ" ಎಂದು ಬರೆದು ಮುಂದೆ ಹೋದೆ.

ಅದೇ ಹೊತ್ತಿಗೆ ಕಾಲೇಜಿನ ಎನ್‌ಎಸ್‌ಎಸ್ ಘಟಕದಿಂದ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಗೆ ಶನಿವಾರ ಬೆಳಿಗ್ಗೆ ಕಥೆ ಹೇಳಲು ಹೋಗುವ ಅವಕಾಶ ಬಂತು. ನಲಿ-ಕಲಿ ಕೊಠಡಿ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಗುಂಪು ಗುಂಪಾಗಿ ನೆಲದ ಮೇಲೆ ಕೂತಿರುತ್ತಿದ್ದರು. ತಲೆಯ ಮೇಲಿನ ಚಪ್ಪರದ ದಾರಗಳಲ್ಲಿ ಅವರೇ ಬಿಡಿಸಿದ ಚಿತ್ರಗಳು ತೂಗುತ್ತಿದ್ದವು. ಒಂದು ವಾರ ಗೋವಿನ ಹಾಡು ಹಾಡಿದೆ. ಹಾಡು ಮುಗಿದ ಮೇಲೆ ಕೊಠಡಿಯಲ್ಲಿ ಸದ್ದಿಲ್ಲ. ಎರಡನೇ ತರಗತಿಯ ಒಬ್ಬಳು ಹುಡುಗಿ, ಮುಂದಿನ ಸಾಲಿನವಳಲ್ಲ, ಗೋಡೆಗೆ ಒರಗಿ ಕೂತಿದ್ದವಳು, "ಅಕ್ಕಾ, ಹುಲಿಗೂ ಮರಿ ಇತ್ತಾ?" ಅಂದಳು.

ನಾನು "ಅದು ಈಗ ಬೇಡ ಪುಟ್ಟಾ. ಪುಣ್ಯಕೋಟಿಯಿಂದ ನಾವೇನು ಕಲಿತೆವು, ಅದನ್ನು ಹೇಳು" ಅಂದೆ.

ಅವಳು ಹೇಳಲಿಲ್ಲ. ಮುಂದೆ ಕೂತಿದ್ದ ಹುಡುಗರು "ಸತ್ಯ ಹೇಳಬೇಕು!" ಎಂದು ಕೂಗಿದರು. ನಾನು ಅದನ್ನು ಬೋರ್ಡಿನ ಮೇಲೆ ಬರೆದೆ. ಎಲ್ಲರೂ ಬರೆದುಕೊಂಡರು, ಅವಳೂ ಬರೆದುಕೊಂಡಳು.

ಇದೇ ನಾನು ಮಾಡಿದ ತಪ್ಪು. ಇಷ್ಟು ಸಣ್ಣದೇ ಅನ್ನಿಸಬಹುದು. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು.

ಗೋವಿನ ಹಾಡಿನಲ್ಲಿ ಹಸು ಹುಲಿಯ ಹತ್ತಿರ ಗಡುವು ಕೇಳುವುದು ಕರುವಿಗೆ ಹಾಲು ಕೊಟ್ಟು ಬರಲು. ದೊಡ್ಡಿಗೆ ಹೋಗಿ ಉಳಿದ ಹಸುಗಳನ್ನು ಅಮ್ಮ, ಅಕ್ಕ ಎಂದು ಕರೆದು, ಈ ತಬ್ಬಲಿಯನ್ನು ನಿಮ್ಮದೇ ಕಂದ ಎಂದು ನೋಡಿಕೊಳ್ಳಿ ಎಂದು ಒಪ್ಪಿಸುತ್ತದೆ. ಹಾಡಿನ ಕರುಳೆಲ್ಲ ಆ ಕರುವಿನ ಸುತ್ತ ಇದೆ. ಆಮೇಲೆ ಹುಲಿ ಮನಸ್ಸು ಕರಗಿ, ಮೇಲಕ್ಕೆ ನೆಗೆದು ಪ್ರಾಣ ಬಿಡುತ್ತದೆ. ಅಷ್ಟು ಹೊತ್ತು ಕರು ತಬ್ಬಲಿಯಾಗುತ್ತದೋ ಏನೋ ಎಂದು ಉಸಿರು ಬಿಗಿಹಿಡಿದು ಕೂತ ಮಗುವಿಗೆ ಹುಲಿ ಸತ್ತ ಕೂಡಲೇ ಇನ್ನೇನು ಕೇಳಬೇಕು ಅನ್ನಿಸೀತು? ಹುಲಿಗೂ ಮರಿಗಳಿದ್ದರೆ ಅವುಗಳ ಗತಿ ಏನು? ಅವನ್ನು ಅದು ಯಾರಿಗೆ ಒಪ್ಪಿಸಿ ಹೋಯಿತು? ಹುಲಿಯ ಹಸಿವು ಬರೀ ದುಷ್ಟತನವೇ? ನಾನು ಗ್ರಂಥಾಲಯದಲ್ಲಿ ಕೂತು ಟಿಪ್ಪಣಿ ಮಾಡಿಯೂ ತಲುಪದ ಜಾಗಕ್ಕೆ ಆ ಹುಡುಗಿ ಒಂದೇ ಮಾತಿನಲ್ಲಿ ತಲುಪಿದ್ದಳು.

ಉತ್ತರ ಗೊತ್ತಿಲ್ಲದಿದ್ದುದು ನನ್ನ ತಪ್ಪಲ್ಲ. ಹಾಡೇ ಅದನ್ನು ಹೇಳುವುದಿಲ್ಲ. "ಗೊತ್ತಿಲ್ಲ ಪುಟ್ಟಾ, ನಿಂಗೇನನ್ಸುತ್ತೆ?" ಅಂದಿದ್ದರೆ ಸಾಕಿತ್ತು. ಸಮಯ ಇರಲಿಲ್ಲ ಎಂದೂ ಹೇಳುವಂತಿಲ್ಲ, ಗಂಟೆ ಹೊಡೆಯಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಆ ಪ್ರಶ್ನೆಗೆ ನನ್ನ ನೋಟ್‌ಬುಕ್ಕಿನ ಬಲಗಡೆ ಜಾಗ ಇರಲಿಲ್ಲ, ಅದೇ ಕಾರಣ. ಮಕ್ಕಳ ಪುಸ್ತಕ ಓದುವುದಕ್ಕೆ ನಾಚಿಕೆಪಟ್ಟು, ಆ ನಾಚಿಕೆ ಮುಚ್ಚಲು "ಇದು ಮೌಲ್ಯ ಕಲಿಸುತ್ತದೆ" ಎಂಬ ಸಮರ್ಥನೆ ಕಟ್ಟಿಕೊಂಡು, ಆಮೇಲೆ ಆ ಸಮರ್ಥನೆಗೆ ಹೊಂದದ್ದನ್ನೆಲ್ಲ, ಒಂದು ಮಗುವಿನ ಬಾಯಿಂದ ಬಂದದ್ದನ್ನೂ, ಬೇಡ ಅಂದೆ. ಅದೂ ಎಲ್ಲರ ಎದುರು.

ಮುಂದಿನ ವಾರಗಳಲ್ಲಿ ಮಕ್ಕಳು ನನ್ನ ಪದ್ಧತಿ ಕಲಿತುಬಿಟ್ಟರು. ಕಥೆಯ ಕೊನೆಯ ಮಾತು ಮುಗಿಯುವುದರೊಳಗೆ "ನೀತಿ ಏನೆಂದರೆ" ಎಂದು ರಾಗ ತೆಗೆಯುತ್ತಿದ್ದರು. ಕೆಲವರು ಕಥೆ ಅರ್ಧದಲ್ಲಿರುವಾಗಲೇ ಊಹಿಸಿ ಕೈ ಎತ್ತುತ್ತಿದ್ದರು. ಶಿಕ್ಷಕರಿಗೆ ಸಂತೋಷ, ನನ್ನ ಮಾರ್ಗದರ್ಶಕರಿಗೂ ಸಂತೋಷ. ಗೋಡೆಗೆ ಒರಗಿ ಕೂರುತ್ತಿದ್ದ ಹುಡುಗಿ ಮತ್ತೆ ಏನೂ ಕೇಳಲಿಲ್ಲ. ವರ್ಷ ಮುಗಿಯುವವರೆಗೂ ಕೇಳಲಿಲ್ಲ. ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು.

ನನಗಾದ ನಷ್ಟ ಆಮೇಲೆ ಗೊತ್ತಾಯಿತು. ಮಕ್ಕಳ ಪದ್ಯ ಓದಲು ನನ್ನಿಂದ ಆಗುತ್ತಲೇ ಇರಲಿಲ್ಲ. ಪುಟ ತೆರೆದರೆ ಕಣ್ಣು ನೇರ ಕೊನೆಯ ಸಾಲಿಗೆ ಹೋಗಿ, ಇದರ ಸಾರ ಏನು ಎಂದು ಹುಡುಕುತ್ತಿತ್ತು. ಯಾವುದನ್ನು ಉಳಿಸಿಕೊಳ್ಳಲು ಅಷ್ಟೆಲ್ಲ ಮಾಡಿದ್ದೆನೋ ಅದೇ ಕೈಬಿಟ್ಟುಹೋಗಿತ್ತು. ಕೆಲಸಕ್ಕೆ ಸೇರಿದೆ, ಪುಸ್ತಕಗಳು ಊರಿನ ಅಟ್ಟ ಸೇರಿದವು.

ಅದು ಮರಳಿ ಬಂದದ್ದು ಅಕ್ಕನ ಮಗಳಿಂದ. ಅವಳಿಗೆ ತುತ್ತೂರಿ ಪದ್ಯ ಬೇಕು, ಪದೇ ಪದೇ ಬೇಕು. ನಿಮಗೂ ಬಾಯಿಪಾಠ ಇರಬಹುದು: ಕಸ್ತೂರಿ ಎಂಬ ಹುಡುಗ ಬಣ್ಣದ ತಗಡಿನ ತುತ್ತೂರಿ ಕೊಂಡು ಮೆರೆಯುತ್ತಾನೆ, ಅದು ನೀರಿಗೆ ಬೀಳುತ್ತದೆ, ಒಳಗೆ ನೀರು ಹೊಕ್ಕ ಮೇಲೆ ಸ್ವರ ಕೆಟ್ಟು ಬರೀ "ಗಗಗ" ಅನ್ನುತ್ತದೆ. ಅಕ್ಕನ ಮಗಳಿಗೆ ಬೇಕಾದದ್ದು ಆ ಗಗಗ ಒಂದೇ. ಅಲ್ಲಿಗೆ ಬರುತ್ತಿದ್ದಂತೆ ಗಂಟಲಲ್ಲಿ ನೀರು ತುಂಬಿದವಳಂತೆ ಸದ್ದು ಮಾಡಿ, ನಗು ತಡೆಯಲಾರದೆ ಚಾಪೆ ಮೇಲೆ ಉರುಳುತ್ತಿದ್ದಳು. ಜಂಬದ ಮಾತು ಬರುವವರೆಗೆ ಅವಳು ಕಾಯುತ್ತಲೇ ಇರಲಿಲ್ಲ, "ಮತ್ತೆ ಮೊದಲಿಂದ ಹೇಳು ಚಿಕ್ಕಮ್ಮಾ" ಎಂದು ಶುರು. ಆಗ ಪದ್ಯವನ್ನು ಕಿವಿಯಿಂದ ಕೇಳಿಸಿಕೊಂಡೆ. ಮೊದಲು ಏಳು ಸ್ವರಗಳೂ ಸಲೀಸಾಗಿ ಹರಿಯುತ್ತವೆ, ಆಮೇಲೆ ಒಂದೇ ಅಕ್ಷರಕ್ಕೆ ನಾಲಿಗೆ ತೊಡರಿಕೊಳ್ಳುತ್ತದೆ. ಒದ್ದೆ ತುತ್ತೂರಿಯನ್ನು ಕವಿ ವರ್ಣಿಸುವುದಿಲ್ಲ, ಓದುವವರ ಬಾಯಿಯಲ್ಲೇ ಊದಿಸಿಬಿಡುತ್ತಾರೆ. ಇಂಥ ಕಸುಬುಗಾರಿಕೆಯನ್ನು ನಾನು ಎರಡು ಪದದಲ್ಲಿ ಮುಗಿಸಿದ್ದೆ!

ಆ ವಾರವೇ ಪಂಜೆಯವರ ಹಾವಿನ ಪದ್ಯಕ್ಕೂ ಮರಳಿ ಹೋದೆ. ಅಲ್ಲಿ ಮಗು ಹಾವಿಗೆ ಕೈಮುಗಿಯುತ್ತದೆ, ಹಾಲು ಕೊಡುತ್ತೇನೆ ಎಂದು ಬಾ ಬಾ ಎಂದು ಕರೆಯುತ್ತದೆ, ಕೊನೆಗೆ ಹೋಗು ಹೋಗು ಎಂದು ಕಳಿಸುತ್ತದೆ. ಆಸೆಯೂ ಹೆದರಿಕೆಯೂ ಒಟ್ಟಿಗೆ. ಇದರಲ್ಲಿ ಪ್ರಾಣಿದಯೆ ಎಲ್ಲಿಂದ ಬಂತು? ನಾವೆಲ್ಲ ಎಷ್ಟೋ ಸಂಗತಿಗಳನ್ನು, ಮನುಷ್ಯರನ್ನು ಸಹ, ಹೀಗೇ ಕರೆದು ಹೀಗೇ ಕಳಿಸುವವರು. ದಿನನಿತ್ಯದ ಬದುಕು ಎಂದು ನೀವು ಕೇಳಿದಿರಲ್ಲ, ಅದು ಆ ಪದ್ಯದೊಳಗೇ ಇದೆ. ಹೊರಗಿನಿಂದ ಎಳೆದು ತಂದು ಜೋಡಿಸಬೇಕಾಗಿಲ್ಲ.

ಈಗ ನಿಮ್ಮ ಇನ್ನೊಂದು ಮಾತು: "ಗಂಭೀರ ಸಾಹಿತ್ಯಕ್ಕೆ ಯಾವಾಗ ಬಡ್ತಿ ಪಡೆಯಲಿ?" ಈ ಬಡ್ತಿಯ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ನಾಯಿಮರಿಯ ಪದ್ಯ ಬರೆದ ರಾಜರತ್ನಂ ಅವರೇ ಕುಡುಕನ ಬಾಯಲ್ಲಿ ರತ್ನನ ಪದಗಳನ್ನು ಹಾಡಿಸಿದವರು. 1933ರಲ್ಲಿ ಚೋಮನ ದುಡಿ ಕೊಟ್ಟ ಶಿವರಾಮ ಕಾರಂತರು ಅದೇ ದಶಕದಲ್ಲಿ ಮಕ್ಕಳ ವಿಶ್ವಕೋಶವಾದ ಬಾಲಪ್ರಪಂಚದ ಸಂಪುಟಗಳಿಗೆ ಕೂತರು, ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಶಾಲಾ ಇನ್ಸ್‌ಪೆಕ್ಟರಾಗಿ ಕೆಲಸ ಮಾಡಿದ, ಮಕ್ಕಳಿಗಾಗಿ ಬರೆದ ಪಂಜೆಯವರನ್ನು 1934ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು. ಮಕ್ಕಳ ಬರಹ ಕೆಳಗಿನ ಮೆಟ್ಟಿಲು ಎಂದು ಇವರು ಯಾರೂ ತಿಳಿದವರಲ್ಲ. ಕಿಂದರಿಜೋಗಿಯನ್ನೇ ಮತ್ತೊಮ್ಮೆ ಓದಿ. ಬ್ರೌನಿಂಗ್ ಇಂಗ್ಲಿಷಿನಲ್ಲಿ ಹೇಳಿದ ಹಳೆಯ ಕಥೆ ಕುವೆಂಪು ಕೈಯಲ್ಲಿ ತುಂಗಾತೀರಕ್ಕೆ ಬಂದು ಕೂತಿದೆ. ದೊಡ್ಡವರು ಮಾತಿಗೆ ತಪ್ಪುತ್ತಾರೆ, ಜೋಗಿಯ ಹಿಂದೆ ಹೋಗುವವರು ಮಕ್ಕಳು. ತಪ್ಪು ಯಾರದು, ಕಳೆದುಹೋದವರು ಯಾರು? ಇದಕ್ಕಿಂತ ಭಾರವಾದದ್ದನ್ನು ನಿಮ್ಮ ಗೆಳೆಯರು ಯಾವ ಕಾದಂಬರಿಯಲ್ಲಿ ಓದುತ್ತಿದ್ದಾರೋ ನನಗೆ ತಿಳಿಯದು.

ದೊಡ್ಡವರಿಗೆ ಈ ಭಾರವೇ ಇರುಸುಮುರುಸು ತರುತ್ತದೆ ಎಂದು ಕಾಣುತ್ತದೆ. ಗ್ರಿಮ್ ಸಹೋದರರ 1812ರ ಮೊದಲ ಮುದ್ರಣದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಡುವವಳು ಹೆತ್ತ ತಾಯಿ. 1819ರ ಮುದ್ರಣಕ್ಕೆ ಬರುವಷ್ಟರಲ್ಲಿ ಅವಳನ್ನು ಮಲತಾಯಿ ಮಾಡಿದ್ದರು. ನನ್ನ ನೋಟ್‌ಬುಕ್ಕಿನ ಬಲಗಡೆಯ ಪಟ್ಟಿಯೂ ಹೀಗೆ ಭಾರ ಇಳಿಸುವ ಜಾತಿಯದೇ ಎಂದು ನನಗೀಗ ಅನಿಸುತ್ತದೆ.

ಹಾಗಾಗಿ ಗೆಳೆಯರಿಗೆ ಏನನ್ನೂ ತೋರಿಸಲು ಹೋಗಬೇಡಿ. ನಕ್ಕರೆ ನಗಲಿ. "ಇಷ್ಟ, ಓದುತ್ತೇನೆ" ಎಂದರೆ ಮುಗಿಯಿತು. ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಿದರೂ ನೀವು ಸಮರ್ಥನೆ ಕಟ್ಟಲು ಶುರು ಮಾಡಿದಿರಿ ಎಂದೇ ಅರ್ಥ. ಪಂಪನನ್ನೂ ಓದಿ, ಬೇಂದ್ರೆಯನ್ನೂ ಓದಿ, ಪರೀಕ್ಷೆಗೂ ಓದಿ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು ಎನ್ನುವುದು ಎಲ್ಲಿಯೂ ಇಲ್ಲ.

ಒಬ್ಬರೇ ಕೂತು ಮನಸ್ಸಿನಲ್ಲೇ ಓದುವುದನ್ನು ಮಾತ್ರ ಕಡಿಮೆ ಮಾಡಿ. ಅಣ್ಣನ ಮಗ, ಪಕ್ಕದ ಮನೆಯ ಹುಡುಗಿ, ಹತ್ತಿರದ ಅಂಗನವಾಡಿ, ಯಾರಾದರೂ ಸರಿ, ಎದುರು ಮಗು ಕೂತಿರಬೇಕು, ನೀವು ಗಟ್ಟಿಯಾಗಿ ಓದಬೇಕು. ಪುಸ್ತಕದ ಕೊನೆಯಲ್ಲಿ "ನೀತಿ" ಎಂದು ಅಚ್ಚಾಗಿದ್ದರೆ ಅದನ್ನು ಓದದೆ ಬಿಡಿ. ಯಾರು ಏನೇ ಹೇಳಲಿ, ಈ ಒಂದು ವಿಷಯದಲ್ಲಿ ನಾನು ಹಟಮಾರಿ. ಓದಿ ಮುಗಿಸಿದ ಮೇಲೆ ಸುಮ್ಮನಿರಿ. ಮೊದಲ ಪ್ರಶ್ನೆ ನಿಮ್ಮದಾಗಬಾರದು. ಮಗು ಏನೂ ಕೇಳದೆ ಎದ್ದು ಆಡಲು ಹೋದರೆ ಅದೂ ಸರಿಯೇ.

ಪುಸ್ತಕ ಸಿಗುವುದಿಲ್ಲ ಎಂಬ ಮಾತು ಈಗ ನಡೆಯುವುದಿಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಚಿತ್ರಪುಸ್ತಕಗಳು ಕನ್ನಡದಲ್ಲೂ ಉಚಿತವಾಗಿ ಸಿಗುತ್ತವೆ. ಬೇರೆ ಭಾಷೆಯ ಕಥೆಯನ್ನು ನೀವೇ ಕನ್ನಡಕ್ಕೆ ತರಲೂ ಅಲ್ಲಿ ಅವಕಾಶವಿದೆ. ಒಂದು ಕಥೆ ತಂದು ನೋಡಿ. ಆರು ವರ್ಷದ ಮಗುವಿಗೆ ಅರ್ಥವಾಗುವ, ಆದರೆ ಅದನ್ನು ದಡ್ಡ ಎಂದು ಭಾವಿಸದ ಒಂದು ವಾಕ್ಯ ಬರೆಯುವುದು ಎಷ್ಟು ಕಷ್ಟ ಎಂಬುದು ಸೆಮಿನಾರಿಗಿಂತ ಚೆನ್ನಾಗಿ ತಿಳಿಯುತ್ತದೆ.

ಮುಂದಿನ ವರ್ಷದ ಪ್ರಾಜೆಕ್ಟಿಗೆ ಇದೇ ವಿಷಯ ತಗೊಳ್ಳಲೇ ಎಂದೂ ಕೇಳಿದ್ದೀರಿ. ಧೈರ್ಯವಾಗಿ ತಗೊಳ್ಳಿ. ಆದರೆ ಮೌಲ್ಯಗಳ ಪಟ್ಟಿ ಮಾಡುವ ವಿಷಯ ಬೇಡ, ಗೈಡ್ ಒತ್ತಾಯಿಸಿದರೂ ಬೇಡ. ಒಂದೇ ಪದ್ಯವನ್ನು ಆರಿಸಿಕೊಂಡು ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಓದಿ, ಅವರು ಎಲ್ಲಿ ನಕ್ಕರು, ಎಲ್ಲಿ ತಡೆದರು, ಏನು ಕೇಳಿದರು ಎನ್ನುವುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ತಿದ್ದಬೇಡಿ, ನೀವು ಹೇಳಿದ ಉತ್ತರವನ್ನು ಅದರ ಪಕ್ಕ ಬರೆಯಬೇಡಿ. ಇದಕ್ಕೆ ಅಧ್ಯಯನದ ವಿಧಾನ ಎಲ್ಲಿದೆ ಎಂದು ಗೈಡ್ ಕೇಳಿದರೆ, ಮಕ್ಕಳ ಸಾಹಿತ್ಯದ ಓದುಗರು ಮಕ್ಕಳು, ಓದುಗರ ಪ್ರತಿಕ್ರಿಯೆಯನ್ನು ದಾಖಲಿಸುತ್ತಿದ್ದೇನೆ ಎಂದು ಹೇಳಿ. ಅದು ಒಪ್ಪಿತವಾದ ವಿಧಾನವೇ. ಅಂಕ ಸ್ವಲ್ಪ ಕಡಿಮೆ ಬರಬಹುದು, ಬರಲಿ.